ಬರ್ನ್ ಕಾಳಗ

ದಿನಕರನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡದ್ದು ಒಂದು ನಗುವಿನಿಂದ.

ಅವನು ವಿಜಯವಾಡದ ಬಾಡಿಗೆ ಕೋಣೆಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತ, ಫೋನನ್ನು ಕಿಟಕಿಗೆ ಒರಗಿಸಿಟ್ಟು, ವಿಶಾಖಪಟ್ಟಣದಲ್ಲಿದ್ದ ಮಗಳೊಡನೆ ಮಾತಾಡುತ್ತಿದ್ದ. ಶಾಲೆ, ಊಟ, ಅಮ್ಮನ ಸೊಂಟನೋವು ಎಲ್ಲ ವಿಚಾರಿಸಿ ಮುಗಿದು ತನ್ನ ಮೆಚ್ಚಿನ ವಿಷಯಕ್ಕೆ ಬಂದಿದ್ದ.

"ಇಸ್ತಾಂಬುಲ್‌ದು ಹೇಳಿದ್ದೆನಾ ನಿಂಗೆ? ಲಿವರ್‌ಪೂಲ್‌ನವರು ಅರ್ಧ ಆಟಕ್ಕೆ ಮೂರು ಗೋಲು ತಿಂದು ಕೂತಿದ್ರು..."

"ಗೊತ್ತುಂಟು ಅಪ್ಪ. ಗುರು ಮಾಮ ಹೇಳಿದ್ರು," ಎಂದಳು ಶ್ರೀರಕ್ಷಾ.

ಅಷ್ಟರಲ್ಲಿ ಅವಳ ಹಿಂದಿನಿಂದ ಒಂದು ಗಂಡು ದನಿ ಏನೋ ಅಂದಿತು. ಅವಳು ತಿರುಗಿ ನೋಡಿ, ಕೈಯಲ್ಲಿದ್ದ ಫೋನನ್ನೇ ಮರೆತು, ಬಗ್ಗಿ ಬಗ್ಗಿ ನಕ್ಕಳು. ಪರದೆಯ ಮೇಲೆ ದಿನಕರನಿಗೆ ಕಂಡದ್ದು ಅವಳ ಜಡೆ ಮಾತ್ರ. ಅಂಗಿಯ ಕಾಲರು ಕಂದಿದ ವಾಸನೆ ಬಂದ ಮೇಲೆಯೇ ಅವನು ಇಸ್ತ್ರಿಪೆಟ್ಟಿಗೆ ಎತ್ತಿದ್ದು.

ದಿನಕರ ಮಂಗಳೂರಿನವನು. ಬ್ಯಾಂಕಿನ ಕೆಲಸ ಅವನನ್ನು ಆರು ವರ್ಷ ವಿಶಾಖಪಟ್ಟಣದಲ್ಲಿಟ್ಟು, ಹೋದ ವರ್ಷ ವಿಜಯವಾಡದ ಆಟೋನಗರ್ ಶಾಖೆಗೆ ಎತ್ತಿ ಹಾಕಿತ್ತು. ಮಗಳು ಒಂಬತ್ತನೇ ತರಗತಿ. ನಡುವೆ ಶಾಲೆ ಬಿಡಿಸುವುದು ಬೇಡವೆಂದು ಹೆಂಡತಿ ಕಮಲಾಕ್ಷಿ ಅವಳೊಡನೆ ವಿಶಾಖಪಟ್ಟಣದ ಮರ್ರಿಪಾಲೆಂ ಬಡಾವಣೆಯ ಮನೆಯಲ್ಲೇ ಉಳಿದಳು. ಎರಡನೇ ಶನಿವಾರ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಆ ಎರಡು ಶನಿವಾರಗಳಿಗಾಗಿ ಅವನು ಲಾರಿ ಬಾಡಿ ಕಟ್ಟುವವರ ಸುತ್ತಿಗೆ ಸದ್ದಿನ ನಡುವೆ ಉಳಿದ ದಿನಗಳನ್ನು ತಳ್ಳುತ್ತಿದ್ದ.

ಗುರು ಮಾಮ ಎಂದರೆ ಗುರುದತ್ತ. ಕುಂದಾಪುರದ ಕಡೆಯವನು, ನೌಕಾಪಡೆಯವನು, ಮರ್ರಿಪಾಲೆಂನ ಅದೇ ಕಟ್ಟಡದ ಕೆಳಮನೆಯಲ್ಲಿ ಇರುವವನು. ತನ್ನ ಹಡಗಿನ ಫುಟ್‌ಬಾಲ್ ತಂಡದಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಿದ್ದ. ದನಿ ಒಳ್ಳೆಯದು, ಎದೆ ಅಗಲ, ಯಾರ ಮನೆಯ ಗ್ಯಾಸ್ ಸಿಲಿಂಡರಾದರೂ ಹೆಗಲ ಮೇಲೆ ಹೊತ್ತು ಮಹಡಿ ಹತ್ತುವ ಜಾತಿ. ಇಂಥವನ ಮೇಲೆ ಹೊಟ್ಟೆಕಿಚ್ಚುಪಡುವುದೇ ಕಷ್ಟ. ದಿನಕರ ಕಷ್ಟಪಟ್ಟೇ ಪಟ್ಟ.

ಇಬ್ಬರೂ ಹಳೆಯ ಗೆಳೆಯರು, ಅದಕ್ಕಿಂತ ಹೆಚ್ಚಾಗಿ ಹಳೆಯ ಎದುರಾಳಿಗಳು. ಊರು ಬಿಟ್ಟು ಬಂದ ಕರಾವಳಿಯವರು ನಾಲ್ಕು ಮನೆ ಸೇರಿದರೆ ತಾಳಮದ್ದಳೆ ಆಗಲೇಬೇಕು. ತಾಳಮದ್ದಳೆಗೆ ವೇಷ ಬೇಡ, ಕುಣಿತ ಬೇಡ. ಭಾಗವತರು ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತವರು ಪಾತ್ರಗಳಾಗಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ವಾದ ಮಾಡುತ್ತಾರೆ, ಅದಕ್ಕೆ ಅರ್ಥ ಹೇಳುವುದು ಎಂದು ಹೆಸರು. ಕತೆಯಲ್ಲಿ ಸೋಲಬೇಕಾದವನು ಸೋಲಲೇಬೇಕು, ಆದರೆ ಮಾತಿನಲ್ಲಿ ಅವನೇ ಗೆದ್ದು ಎದ್ದುಹೋಗಬಹುದು. ಅದೇ ಅದರ ರುಚಿ. ವಿಶಾಖಪಟ್ಟಣದ ಕನ್ನಡದವರಲ್ಲಿ ಮೈಸೂರಿನವರು, ಹುಬ್ಬಳ್ಳಿಯವರೇ ಹೆಚ್ಚು. ಪುರಾಣದ ಪ್ರಸಂಗ ಹಾಕಿದರೆ ಅವರು ಆಕಳಿಸುತ್ತಿದ್ದರು, ಮಕ್ಕಳು ಎದ್ದು ಓಡುತ್ತಿದ್ದರು. ಒಂದು ವಿಶ್ವಕಪ್ಪಿನ ವರ್ಷ ಗುರುದತ್ತನೇ, "ಹ್ವಾಯ್ ದಿನಕರಣ್ಣ, ನಮಗೆ ಗೊತ್ತಿದ್ದ ಯುದ್ಧವನ್ನೇ ಮಾಡುವ ಮಾರಾಯ್ರೆ," ಎಂದ.

ಹಾಗೆ ಶುರುವಾದದ್ದು ಫುಟ್‌ಬಾಲ್ ತಾಳಮದ್ದಳೆ. ಮೊದಲ ವರ್ಷ ರಿಯೋ ನಗರದ ಕಾಳಗ. ಗೆದ್ದೇ ಬಿಟ್ಟೆವೆಂದು ಹಬ್ಬಕ್ಕೆ ಸಿದ್ಧವಾಗಿದ್ದ ಬ್ರೆಜಿಲ್ ಆಗಿ ಗುರುದತ್ತ, ಎರಡು ಲಕ್ಷ ಜನರ ಬಾಯಿ ಮುಚ್ಚಿಸಿದ ಪುಟ್ಟ ಉರುಗ್ವೆ ಆಗಿ ದಿನಕರ. ಆಮೇಲೆ ಎಪ್ಪತ್ತರ ಬ್ರೆಜಿಲ್ ಮತ್ತು ಇಟಲಿ. ಎಪ್ಪತ್ತನಾಲ್ಕರ ಹಾಲೆಂಡ್. ಪ್ರತಿ ವರ್ಷ ಮಾತಿನಲ್ಲಿ ದಿನಕರನದೇ ಮೇಲುಗೈ. ಗುರುದತ್ತ ನಗುತ್ತ ಸೋಲುತ್ತಿದ್ದ. ಈಗ ಯೋಚಿಸಿದರೆ, ಅವನು ಹಾಗೆ ನಗುತ್ತ ಸೋತದ್ದರಲ್ಲೇ ಏನೋ ಹುನ್ನಾರವಿತ್ತು ಎಂದು ದಿನಕರನಿಗೆ ಅನಿಸತೊಡಗಿತ್ತು.

ಸಿಲಿಂಡರು ಹೊತ್ತು ತರಲಿ, ಬೇಡವೆನ್ನುವುದಿಲ್ಲ. ಆದರೆ ಕತೆಗಳು? ಆ ಕತೆಗಳು ದಿನಕರನ ಸೊತ್ತು. ಶ್ರೀರಕ್ಷಾ ಮಗುವಾಗಿದ್ದಾಗ ಊಟವೆಂದರೆ ದವಡೆ ಬಿಗಿಯುತ್ತಿದ್ದಳು. ಕಮಲಾಕ್ಷಿ ಕೈಚೆಲ್ಲಿ ಕೂತಾಗ ತಟ್ಟೆ ತೆಗೆದುಕೊಂಡವನು ಅವನು. ಒಂದು ತುತ್ತಿಗೆ ಒಂದು ಪಾಸು, ಬಾಯಿ ತೆರೆದರೆ ಗೋಲು. ನಲವತ್ತೆಂಟರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲಿ ಆಡಿದ ನಮ್ಮವರು, ಜಕಾರ್ತದಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡೇ ಆಡಿ ಗೋಲು ಹೊಡೆದು ಚಿನ್ನ ತಂದ ನಮ್ಮ ಡಿಫೆಂಡರ್, ಇವರನ್ನೆಲ್ಲ ಮೊಸರನ್ನದ ಜೊತೆ ಅವಳಿಗೆ ಉಣ್ಣಿಸಿದವನು ಅವನು. "ಹೊಲಿಗೆ ಮಾಮನ ಕತೆ" ಇಲ್ಲದಿದ್ದರೆ ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ಅಂಥ ಮಗಳು ಈಗ "ಗೊತ್ತುಂಟು ಅಪ್ಪ, ಗುರು ಮಾಮ ಹೇಳಿದ್ರು" ಅನ್ನುತ್ತಾಳೆ!

ಮುಂದಿನ ಶನಿವಾರ ಹೋಗುವಾಗ ಅವನು ಮರದ ಬೊಂಬೆಗಳಿಗೆ ಹೆಸರಾದ ಹತ್ತಿರದ ಕೊಂಡಪಲ್ಲಿಗೆ ಹೋಗಿ ಒಂದು ಬೊಂಬೆ ಮಾಡಿಸಿಕೊಂಡು ಹೋದ. ಎತ್ತಿನ ಗಾಡಿ, ಮದುಮಗಳು ಮಾಡಿ ಅಭ್ಯಾಸವಿದ್ದ ಬೊಂಬೆಗಾರನ ಕೈ ಅದು. ಇವನು ಪಕ್ಕದಲ್ಲೇ ಕೂತು ಹೇಳಿ ಹೇಳಿ ನೀಲಿ ಅಂಗಿಯ, ಬರಿಗಾಲಿನ ಫುಟ್‌ಬಾಲ್ ಆಟಗಾರನನ್ನು ಮಾಡಿಸಿದ. ಮೂಗು ಸ್ವಲ್ಪ ಮದುಮಗಳದೇ ಆಗಿತ್ತು. ಶ್ರೀರಕ್ಷಾ ಅದನ್ನು ನೋಡಿ ಕಿರುಚಿದಳು, ಅಪ್ಪನ ಕೊರಳಿಗೆ ಜೋತುಬಿದ್ದಳು, "ಒಂದ್ನಿಮಿಷ, ಮಾಮನಿಗೆ ತೋರಿಸಿ ಬರ್ತೇನೆ," ಎಂದು ಮೆಟ್ಟಿಲಿಳಿದು ಓಡಿದಳು. ಬರುವಾಗ ಕೈ ಖಾಲಿ.

"ಬೊಂಬೆ ಎಲ್ಲಿ?"

"ಮಾಮನ ಟೀವಿ ಮೇಲಿಟ್ಟೆ. ಅಲ್ಲಿ ಎಷ್ಟು ಚಂದ ಕಾಣ್ತದೆ ಗೊತ್ತುಂಟಾ! ನಾವು ಅಲ್ಲಿಯೇ ಕದಾ ಮ್ಯಾಚ್ ನೋಡೋದು," ಎಂದಳು, "ಅಲ್ಲವಾ" ಎನ್ನುವಲ್ಲಿ ತೆಲುಗು ಬೆರೆಸಿ.

ದಿನಕರ ಊಟಕ್ಕೆ ಕೂತವನು ಸಾರು ಬಡಿಸಿದ ಅನ್ನವನ್ನು ಬರಿದೆ ಕಲಸುತ್ತಲೇ ಇದ್ದ. ಮಗಳು ಕೈತೊಳೆಯಲು ಹೋದಾಗ ಕಮಲಾಕ್ಷಿ ಸೌಟು ಹಿಡಿದೇ ಕೇಳಿದಳು. "ಎಂತ, ಉಪ್ಪು ಕಮ್ಮಿಯಾ?"

"ಇಲ್ಲ."

"ಮತ್ತೆ ಮುಖ ಯಾಕೆ ಹಾಗೆ? ಗುರುದತ್ತಣ್ಣನ ಮೇಲೆ ಉರಿಯಾ?"

"ನನಗೆಂಥ ಉರಿ?"

"ಹೌದಾ? ಹಾಗಾದ್ರೆ ಸಾರಿಗೆ ಇನ್ನೊಂದು ಸ್ವಲ್ಪ ಖಾರ ಹಾಕಬಹುದಿತ್ತು," ಎಂದು ಅವಳು ಒಳಗೆ ಹೋದಳು.

ಹೀಗಿರುವಾಗ ವಿಜಯವಾಡದ ಕನ್ನಡದವರಿಗೆ ತಾಳಮದ್ದಳೆಯ ಆಸೆ ಹುಟ್ಟಿತು. ಬ್ಯಾಂಕುಗಳವರು, ಇಬ್ರಾಹಿಂಪಟ್ಟಣದ ವಿದ್ಯುತ್ ಸ್ಥಾವರದ ಕಡೆಯ ಕೆಲವರು, ಒಬ್ಬ ಉಡುಪಿ ಹೋಟೆಲಿನ ಯಜಮಾನರು. ಭಾನುವಾರ ಊಟದ ಮೇಲೆ ಹೋಟೆಲಿನ ಮಹಡಿಯ ಹಾಲ್ ಬಿಟ್ಟುಕೊಡುತ್ತೇನೆ, ವಿಶಾಖಪಟ್ಟಣದವರನ್ನು ಕರೆಸಿ ಎಂದು ಯಜಮಾನರು ದಿನಕರನಿಗೆ ದುಂಬಾಲು ಬಿದ್ದರು. ಪ್ರಸಂಗ ಬರ್ನ್ ಕಾಳಗವೆಂದು ನಿಶ್ಚಯವಾಯಿತು. ಸಾವಿರದ ಒಂಬೈನೂರ ಐವತ್ತನಾಲ್ಕು, ಸ್ವಿಟ್ಜರ್ಲೆಂಡಿನ ಬರ್ನ್, ವಿಶ್ವಕಪ್ಪಿನ ಕೊನೆಯ ಪಂದ್ಯ. ಒಂದು ಕಡೆ ನಾಲ್ಕು ವರ್ಷ ಸೋಲನ್ನೇ ಕಾಣದ ಹಂಗೇರಿ, ಜಗತ್ತೇ ಚಿನ್ನದ ತಂಡವೆಂದು ಕರೆದದ್ದು. ಇನ್ನೊಂದು ಕಡೆ ಪಶ್ಚಿಮ ಜರ್ಮನಿ, ಎರಡು ವಾರದ ಹಿಂದಷ್ಟೇ ಅದೇ ಹಂಗೇರಿಯ ಕೈಯಲ್ಲಿ ಎಂಟು ಗೋಲು ತಿಂದದ್ದು. ಗೆದ್ದದ್ದು ಜರ್ಮನಿ. ದಿನಕರ ಹಂಗೇರಿಯನ್ನೇ ಆರಿಸಿಕೊಂಡ. ಸೋತವನ ಬಾಯಲ್ಲಿ ಗೆಲ್ಲುವುದು ಅವನಿಗೆ ಇಷ್ಟ. ಈ ಸಲ ಗುರುದತ್ತನನ್ನು ಮಗಳ ಎದುರೇ ಮಾತಿನಲ್ಲಿ ಮಣ್ಣು ಮುಕ್ಕಿಸಬೇಕು ಅಂದುಕೊಂಡ.

ಆ ಸಂಜೆ ಶ್ರೀರಕ್ಷಾಳೇ ಫೋನು ಮಾಡಿದಳು.

"ಅಪ್ಪ, ಈ ಸಲ ಗುರು ಮಾಮ ಭಾಗವತಿಕೆ ಮಾತ್ರ ಮಾಡೋದು. ಜರ್ಮನಿ ಯಾರು ಹೇಳಿ ನೋಡುವ?"

"ಯಾರು?"

"ನಾನು!"

ದಿನಕರನಿಗೆ ಒಂದು ಕ್ಷಣ ಎದೆ ಉಬ್ಬಿತು. "ನೀನಾ! ಯಾರು ಕಲಿಸಿದ್ದು?"

"ಮತ್ಯಾರು, ಗುರು ಮಾಮ. ಮೂರು ತಿಂಗಳಿಂದ ಅರ್ಥ ಹೇಳುವ ಪ್ರಾಕ್ಟೀಸ್. ನೀವು ಬಿಟ್ಟುಕೊಡಬಾರ್ದು, ಆಯ್ತಾ? ನಿಮ್ಮಪ್ಪ ಮೆತ್ತಗಾದ್ರೆ ಮಜಾ ಇಲ್ಲ ಅಂತ ಮಾಮ ಹೇಳಿದ್ರು."

ಉಬ್ಬಿದ ಎದೆ ಹಾಗೆಯೇ ಇಳಿಯಿತು. ಮೂರು ತಿಂಗಳು. ಅಷ್ಟರಲ್ಲಿ ಅವನು ಅದೆಷ್ಟು ಸಲ ಮನೆಗೆ ಹೋಗಿಬಂದಿದ್ದ! ಒಮ್ಮೆಯಾದರೂ "ಅಪ್ಪ, ಇದನ್ನು ಹೇಗೆ ಹೇಳುವುದು" ಎಂದು ಕೇಳಲಿಲ್ಲವಲ್ಲ. ಮೆತ್ತಗಾದರೆ ಮಜಾ ಇಲ್ಲವಂತೆ. ತನ್ನ ಮಗಳ ಬಾಯಲ್ಲೇ ತನಗೆ ಸವಾಲು ಕಳಿಸಿದ್ದಾನೆ ಗುರುದತ್ತ!

ಅಂದಿನಿಂದ ಬ್ಯಾಂಕಿನಿಂದ ಬಂದವನೇ ಕೋಣೆಯ ಬಾಗಿಲು ಹಾಕಿ ಕನ್ನಡಿಯೆದುರು ಅರ್ಥ ಹೇಳತೊಡಗಿದ. "ಎಲವೋ! ನಿಲ್ಲು! ನಿನ್ನ ಸೊಕ್ಕು ಮುರಿಯದೆ ಬಿಡೆನು!" ಎಂಬ ಕೂಗಿಗೆ ಮೇಲಿನ ಮನೆಯ ಒಡತಿ ದುರ್ಗಾಭವಾನಿ ಇಳಿದು ಬಂದು ಬಾಗಿಲು ತಟ್ಟಿದರು. ಆಕೆಗೆ ಬರುವ ಕನ್ನಡ ನಾಲ್ಕೇ ಮಾತು, ಆದರೆ ಜಗಳದ ದನಿ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ.

"ಎವರಿತೋ ಗೊಡವ, ಸಾರ್? ಫೋನಲ್ಲಿ ಮೇಡಂ ಹತ್ತಿರವಾ?" ಎಂದು, ಯಾರೊಡನೆ ಜಗಳವೆಂದು ತಿಳಿಯಲು, ಅರ್ಧ ತೆಲುಗು, ಅರ್ಧ ತಾನು ಅವನಿಂದಲೇ ಕಲಿತ ಕನ್ನಡದಲ್ಲಿ ಕೇಳಿದರು.

"ಇಲ್ಲಂಡಿ. ನಮ್ಮ ಮಗಳ ಹತ್ತಿರ," ಎಂದ ದಿನಕರ ಬೆವರು ಒರೆಸಿಕೊಳ್ಳುತ್ತ.

"ಅಯ್ಯೋ, ಚಿನ್ನ ಪಿಲ್ಲ ಕದಂಡಿ!" ಎಂದು ಆಕೆ ಕೆನ್ನೆಗೆ ಕೈಹಚ್ಚಿದರು. ಸಣ್ಣ ಹುಡುಗಿಯಲ್ಲವೇ ಎಂದ ಆ ಮಾತು ಅವನ ಕಿವಿಯಲ್ಲಿ ಸ್ವಲ್ಪ ಹೊತ್ತು ಕೂತಿತ್ತು. ಆಮೇಲೆ ಎದ್ದುಹೋಯಿತು. ಬಿಟ್ಟುಕೊಡಬಾರದೆಂದು ಅವಳೇ ಹೇಳಿದ್ದಾಳೆ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ತಾಳಮದ್ದಳೆಯಲ್ಲಿ ಬರೆದಿಡದ ಒಂದು ಕಟ್ಟಳೆಯಿದೆ. ಹೊಸಬರು ಎದುರು ಕೂತಾಗ ಹಿರಿಯ ಅರ್ಥಧಾರಿ ಕತೆಯ ದಾರಿ ಬಿಟ್ಟು ಅಡ್ಡಪ್ರಶ್ನೆ ಹಾಕಬಾರದು. ಕಲಿತು ಬಂದ ಮಾತಿನ ಹೊರಗೆ ಎಳೆದರೆ ಹೊಸಬರು ಅಲ್ಲೇ ಹೂತು ಹೋಗುತ್ತಾರೆ. ದಿನಕರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವನು ಒಂದು ಪ್ರಶ್ನೆಯನ್ನು ಮಸೆದು ಇಟ್ಟುಕೊಂಡ. ಬೇಕಾದರೆ ಮಾತ್ರ, ಎಂದುಕೊಂಡ.

ಶನಿವಾರ ಸಂಜೆಯ ರೈಲಿಗೆ ಅವರೆಲ್ಲ ಬಂದರು. ಕಮಲಾಕ್ಷಿ, ಶ್ರೀರಕ್ಷಾ, ಗುರುದತ್ತ, ಮದ್ದಳೆ ನುಡಿಸುವ ಬಂದರಿನ ನೌಕರ ರಮಾಕಾಂತ. ಮಗಳು ಬೋಗಿಯಿಂದ ಧುಮುಕಿ ಅಪ್ಪನ ತೋಳು ಹಿಡಿದುಕೊಂಡಳು. ಹಿಡಿದುಕೊಂಡೇ ಹಿಂದೆ ತಿರುಗಿ, "ಮಾಮ, ನಿಮ್ಮ ಕಷಾಯದ ಫ್ಲಾಸ್ಕ್ ಸೀಟಲ್ಲೇ ಉಂಟು!" ಎಂದು ಕೂಗಿದಳು. ಅವನ ಗಂಟಲಿನ ಚಿಂತೆ ಇವಳಿಗೆ!

ಮಾರನೆಯ ದಿನ ಊಟದ ಪಂಕ್ತಿ ಎದ್ದು, ಹಾಲ್ ಗುಡಿಸಿ, ಜಮಖಾನೆ ಹಾಸಿದರು. ಅರುವತ್ತು ಎಪ್ಪತ್ತು ಜನ. ದುರ್ಗಾಭವಾನಿಯೂ ಬಂದು ಮುಂದೆಯೇ ಕೂತಿದ್ದರು. ಜಗಳ ಎಲ್ಲಿಗೆ ಬಂತು ಎಂದು ನೋಡಬೇಕಿತ್ತು. ನಡುವೆ ಗುರುದತ್ತ ತಾಳ ಹಿಡಿದು, ಪಕ್ಕದಲ್ಲಿ ರಮಾಕಾಂತ. ಎಡಕ್ಕೆ ದಿನಕರ. ಬಲಕ್ಕೆ, ಕಮಲಾಕ್ಷಿಯ ಹಸಿರು ಸೀರೆಯನ್ನು ದೊಡ್ಡವರ ಹಾಗೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಶ್ರೀರಕ್ಷಾ.

ಗುರುದತ್ತ ತಾನೇ ಕಟ್ಟಿದ ಪದ್ಯ ಎತ್ತಿದ. "ಮಳೆಯು ಸುರಿವ ಬರ್ನಿನಂಗಳದಿ, ಕೆಸರ ತುಳಿದು ನಿಂತನಾಗ ಹಂಗೇರಿ..." ಹಾಲ್ ತುಂಬಿತು. ಪದ್ಯ ನಿಂತಾಗ ದಿನಕರ ಗಂಟಲು ಸರಿಮಾಡಿಕೊಂಡ.

"ಎಲೆ ಜರ್ಮನಿಯೇ! ಸೋಲೆಂಬ ಶಬ್ದದ ಅರ್ಥವನ್ನೇ ಮರೆತ ಕಾಲುಗಳಿವು. ಇಂಗ್ಲೆಂಡಿನವರ ಸ್ವಂತ ವೆಂಬ್ಲಿ ಅಂಗಳಕ್ಕೆ ಹೋಗಿ ಅವರಿಗೇ ಆರು ಗೋಲಿನ ಪಾಠ ಹೇಳಿ ಬಂದವನು ನಾನು. ಮೊನ್ನೆ ಮೊನ್ನೆ ಬಾಸೆಲಿನಲ್ಲಿ ನಿನಗೇ ಎಂಟು ಬಡಿಸಿದ್ದೇನೆ. ಉಂಡದ್ದು ಅರಗಿತೋ, ಇಲ್ಲ ಇನ್ನೂ ಹಸಿವೋ?"

ಜನ ನಕ್ಕರು. ಶ್ರೀರಕ್ಷಾ ಗಾಬರಿಯಾಗಲಿಲ್ಲ. ಎಡಗೈಯನ್ನು ನಿಧಾನ ಎತ್ತಿ, ಅಂಗೈ ಮೇಲೆ ಮಾಡಿ, ಎಳೆದು ಹೇಳಿದಳು.

"ಅಯ್ಯಾ... ಹಂಗೇರಿ! ಎಂಟು ಬಡಿಸಿದೆ, ಸರಿ. ಎಲೆಯ ಮುಂದೆ ಕೂತವರು ಯಾರೆಂದು ನೋಡಿದೆಯಾ? ನನ್ನ ಮನೆಯ ಹಿರಿಯರು ಆವತ್ತು ಪಂಕ್ತಿಗೇ ಕೂತಿರಲಿಲ್ಲ. ಹೊರಗೆ ಕೂರಿಸಿ, ಮನೆಯ ಸಣ್ಣವರನ್ನು ಕಳಿಸಿದ್ದೆ. ಸಣ್ಣವರಿಗೆ ಬಡಿಸಿ ದೊಡ್ಡೂಟ ಹಾಕಿದೆ ಅನ್ನುತ್ತೀಯಲ್ಲ!"

ಬಾಸೆಲಿನಲ್ಲಿ ಜರ್ಮನಿ ಮುಖ್ಯ ಆಟಗಾರರನ್ನು ಕೂರಿಸಿ ಉಳಿದವರನ್ನು ಆಡಿಸಿತ್ತೆಂದು ಬಲ್ಲವರಿಂದ ಚಪ್ಪಾಳೆ ಬಿತ್ತು. ಮನೆಯಲ್ಲಿ ಅಪ್ಪನಿಗೆ ಎಂದೂ "ನೀವು" ಬಿಟ್ಟು ಮಾತಾಡದವಳು. ಪಾತ್ರದ ಬಾಯಲ್ಲಿ "ನೀನು" ಎಷ್ಟು ಸಲೀಸಾಗಿ ಬಂತು! ಅದು ಕಟ್ಟಳೆಯೇ, ತಪ್ಪಲ್ಲ. ಆದರೂ ಆ ಎತ್ತಿದ ಎಡಗೈ, ಆ ಎಳೆದ "ಅಯ್ಯಾ". ಅದು ಅಕ್ಷರಶಃ ಗುರುದತ್ತ. ಅವಳ ನಾಲಗೆಯಲ್ಲಿ ತನ್ನದು ಏನಾದರೂ ಇದೆಯೇ ಎಂದು ದಿನಕರ ಹುಡುಕಿದ.

"ನನ್ನ ನಾಯಕನ ಕಣಕಾಲಿಗೆ ಒದ್ದೆಯಲ್ಲ, ಅದು ಯಾವ ಆಟದ ಧರ್ಮ?"

"ಒದ್ದದ್ದು ತಪ್ಪೇ, ಒಪ್ಪಿದೆ. ಆದರೆ ವಾಸಿಯಾಗದ ಕಾಲಿನ ನಾಯಕನನ್ನು ಇವತ್ತು ಕೆಸರಿಗೆ ಇಳಿಸಿದವರು ಯಾರು? ನಾನೋ? ಅವನಿಲ್ಲದೆ ಗೆಲ್ಲಲಾರೆ ಎಂಬ ನಿನ್ನ ಅಂಜಿಕೆಯೋ?"

ಹೋಟೆಲಿನ ಯಜಮಾನರು "ಭಲೇ!" ಎಂದೇಬಿಟ್ಟರು. ದಿನಕರ ಓರೆಗಣ್ಣಲ್ಲಿ ನಡುವೆ ನೋಡಿದ. ಗುರುದತ್ತನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಮಗುವಿಗೆ ಉಣ್ಣಿಸುವವರ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದಲ್ಲ, ಹಾಗೆ ಅವಳ ಪ್ರತಿ ಮಾತಿಗೂ ಅವನ ಬಾಯಿ ತೆರೆದು ಮುಚ್ಚುತ್ತಿತ್ತು.

ದಿನಕರನಿಗೆ ತಡೆಯಲಾಗಲಿಲ್ಲ. ಮಸೆದಿಟ್ಟದ್ದನ್ನು ತೆಗೆದ.

"ಬಹಳ ಕಲಿತಿದ್ದೀಯ, ಜರ್ಮನಿ. ಹಾಗಾದರೆ ಒಂದು ಮಾತು ಹೇಳು. ನಿನಗೆ ಈ ಆಟ ಕಲಿಸಿದವರು ಯಾರು? ಯಾರ ಮನೆಯ ಅನ್ನ ಉಂಡು ಕಲಿತೆ? ಹೆಸರು ಹೇಳು. ಹೆಸರು ಹೇಳದೆ ಈ ಅಂಗಳ ಬಿಟ್ಟು ಹೋಗಕೂಡದು."

ಇದು ಪ್ರಸಂಗದಲ್ಲಿ ಇಲ್ಲದ ಮಾತು. ಶ್ರೀರಕ್ಷಾ ಬಾಯಿ ತೆರೆದಳು. ಅಭ್ಯಾಸಬಲದಿಂದ ಅವಳ ಕಣ್ಣು ಗುರುದತ್ತನತ್ತ ಹೋಯಿತು. ಹೋದದ್ದೇ ಅಲ್ಲಿಂದ ಸರಕ್ಕನೆ ಅಪ್ಪನ ಮೇಲೆ ಬಂತು. ಕೇಳುತ್ತಿರುವುದು ಹಂಗೇರಿಯಲ್ಲ ಎಂದು ಅವಳಿಗೆ ತಿಳಿಯಿತು. ಅದು ತಿಳಿದದ್ದು ಅವಳ ಮುಖದ ಮೇಲೆ ದಿನಕರನಿಗೂ ಕಂಡಿತು.

ರಮಾಕಾಂತನ ಬೆರಳುಗಳು ಮದ್ದಳೆಯ ಮೇಲೆ ಸುಮ್ಮನೆ ನಿಂತವು. ಭಾಗವತನಾದವನು ಇಂಥಲ್ಲಿ ಒಂದು ಪದ್ಯ ಎತ್ತಿ ಹೊಸಬರನ್ನು ಪಾರುಮಾಡಬಹುದು. ಗುರುದತ್ತ ತಾಳ ಎತ್ತಿಯೇ ಎತ್ತಿದ. ಪದ್ಯ ಎತ್ತಲಿ, ಎಂದು ದಿನಕರ ಕಾಯುತ್ತಿದ್ದ. ಅವನು ಪಾರುಮಾಡಿದರೆ ಅವಳ ಸೋಲು ಅವನದೂ ಆಗುತ್ತದೆ. ಆದರೆ ಗುರುದತ್ತ ದಿನಕರನ ಮುಖವನ್ನು ಒಮ್ಮೆ ನೋಡಿ, ತಾಳವನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಬಿಟ್ಟ. ಎರಡನೇ ಸಾಲಿನಲ್ಲಿದ್ದ ಕಮಲಾಕ್ಷಿ ಮಗಳನ್ನು ನೋಡುತ್ತಿರಲಿಲ್ಲ. ಗಂಡನನ್ನೇ ನೋಡುತ್ತಿದ್ದಳು.

ಶ್ರೀರಕ್ಷಾಳ ಕೆನ್ನೆ ಒಂದು ಕಡೆ ಉಬ್ಬಿತು. ಅಳು ತಡೆಯಲು ನಾಲಗೆಯನ್ನು ಕೆನ್ನೆಗೆ ಒತ್ತಿ ಹಿಡಿದಿದ್ದಳು. ತುತ್ತು ಬಾಯಲ್ಲಿಟ್ಟುಕೊಂಡು ಮುಂದಿನ ಕತೆಗೆ ಕಾಯುತ್ತಿದ್ದ ಮಗುವಿನ ಕೆನ್ನೆ ಅದೇ. ಅಂದು ಅವನು ಎಷ್ಟೇ ದಣಿದಿದ್ದರೂ, ಅವಳು ಹಾಗೆ ಕೂತಾಗ ಕತೆ ನಿಲ್ಲಿಸಿ ಎದ್ದುಹೋದವನಲ್ಲ. ಇವತ್ತು ಎಪ್ಪತ್ತು ಜನರ ಎದುರು ನಿಲ್ಲಿಸಿದ್ದಾನೆ. ಗೆದ್ದಾಗಿತ್ತು. ಇನ್ನೊಂದು ಉಸಿರು ಸುಮ್ಮನಿದ್ದರೆ ಸಾಕಿತ್ತು.

"ಯಾಕೆ ಸುಮ್ಮನಾದೆ?" ಎಂದ ದಿನಕರ. ದನಿ ಹಂಗೇರಿಯದೇ ಆಗಿತ್ತು, ಆದರೆ ಅದರ ಏರು ಇಳಿದಿತ್ತು. "ಹೆಸರು ಬೇಡ, ಬಿಡು. ಇಷ್ಟು ಹೇಳು. ಬಾಸೆಲಿನಲ್ಲಿ ನಾನು ಎಂಟು ಬಡಿಸುವಾಗ ಪಂಕ್ತಿಗೆ ಕೂರದ ನಿನ್ನ ಹಿರಿಯರು, ಆ ಹೊತ್ತಿನಲ್ಲಿ, ಹೊರಗೆ ಕೂತು, ಏನು ನೋಡುತ್ತಿದ್ದರು?"

ಒಂದೊಂದು ಮಾತನ್ನೂ ಬಿಡಿಸಿ, ಚೆಂಡನ್ನು ಅವಳ ಕಾಲ ಬುಡಕ್ಕೇ ಉರುಳಿಸಿದ. ಅವಳ ಕಣ್ಣು ಅಗಲವಾಯಿತು. ಮೂಗು ಒಮ್ಮೆ ಎಳೆದುಕೊಂಡಳು. ಈ ಸಲ ಎಡಗೈ ಎತ್ತಲಿಲ್ಲ, "ಅಯ್ಯಾ" ಎಂದು ಎಳೆಯಲಿಲ್ಲ.

"ನಿನ್ನನ್ನೇ ನೋಡುತ್ತಿದ್ದೆವು," ಎಂದಳು. "ನೀನು ಗೋಲು ಎಣಿಸುತ್ತಿದ್ದೆ, ನಾವು ನಿನ್ನ ಕಾಲು ನೋಡುತ್ತಿದ್ದೆವು. ಎಲ್ಲಿ ತಿರುಗುತ್ತೀ, ಯಾರಿಗೆ ಕೊಡುತ್ತೀ, ಯಾವಾಗ ನಿಲ್ಲುತ್ತೀ. ಕಲಿಸಿದವರ ಹೆಸರು ಕೇಳಿದೆಯಲ್ಲ? ಮೊದಲು ಕಲಿಸಿದವನು ನೀನೇ."

ಜನ ಚಪ್ಪಾಳೆಗೆ ಕೈ ಎತ್ತಿದರು. ಅವಳು ಮುಗಿಸಿರಲಿಲ್ಲ.

"ಆದರೆ ಹಂಗೇರಿ, ನಾನು ಅಲ್ಲಿಗೇ ನಿಂತಿರುತ್ತೇನೆ ಎಂದುಕೊಂಡೆಯಲ್ಲ! ನಿನ್ನಿಂದ ಕಲಿತು, ಆಮೇಲೆ ಸಿಕ್ಕಿದವರಿಂದೆಲ್ಲ ಕಲಿತೆ. ಎರಡು ವಾರ ನೀನು ನನ್ನನ್ನು ನೋಡಲಿಲ್ಲ. ನೋಡದ ಎರಡು ವಾರದಲ್ಲಿ ನಾನು ಬೆಳೆಯುವುದಿಲ್ಲವಾ? ನೀನು ಇಲ್ಲಿಗೆ ಬಂದದ್ದು ಹಳೆಯ ಜರ್ಮನಿಯನ್ನು ಹುಡುಕಿಕೊಂಡು. ಅವಳು ಇಲ್ಲಿಲ್ಲ. ಇರುವವಳು ನಾನು. ನನ್ನ ಜೊತೆ ಆಡು."

ಹಾಲ್ ಎದ್ದು ನಿಂತಿತು. ದುರ್ಗಾಭವಾನಿ ಹೆಚ್ಚೇನೂ ಅರ್ಥವಾಗದೆಯೇ ಕಣ್ಣೊರೆಸಿಕೊಂಡರು. ಜನರ ಪಾಲಿಗೆ ಅದು ಬರ್ನ್ ಕಾಳಗದ ಮಾತು. ಎರಡು ವಾರಕ್ಕೊಮ್ಮೆ ರೈಲು ಹತ್ತುವ ಮನುಷ್ಯನಿಗೆ ಮಾತ್ರ ಅದು ತಾಗಬೇಕಾದಲ್ಲಿ ತಾಗಿತು. ಉತ್ತರ ಹೊಳೆಯಲಿಲ್ಲ ಎಂದಲ್ಲ, ಇಪ್ಪತ್ತು ವರ್ಷದ ಬಾಯಿ ಅದು. ಹೊಳೆದದ್ದನ್ನು ಅವನು ನುಂಗಿಕೊಂಡ. "ಆಡೋಣ," ಎಂದಷ್ಟೇ ಹೇಳಿ ಕೈಮುಗಿದ. ಗುರುದತ್ತ ತಾಳ ತೆಗೆದು ಮೂರನೇ ಗೋಲಿನ ಪದ್ಯಕ್ಕೆ ಏರಿದ.

ಪ್ರಸಂಗ ಮುಗಿದದ್ದೇ ಶ್ರೀರಕ್ಷಾ ಎದ್ದುಹೋಗಿ ಮೊದಲು ನಮಸ್ಕಾರ ಮಾಡಿದ್ದು ಗುರುದತ್ತನಿಗೆ. ಭಾಗವತರಿಗೆ ಮೊದಲ ನಮಸ್ಕಾರ, ಅದು ಪದ್ಧತಿ. ಪದ್ಧತಿಯೆಂದು ಗೊತ್ತಿದ್ದೂ ದಿನಕರನ ಹೊಟ್ಟೆಯಲ್ಲಿ ಚುರುಕ್ಕೆಂದಿತು. ಇಷ್ಟು ದಿನ ಹೊತ್ತಿ ಉರಿದದ್ದು ಒಂದು ಮಧ್ಯಾಹ್ನಕ್ಕೆ ಆರುತ್ತದೆಯೇ?

ಆಮೇಲೆ ಅವಳು ಇವನ ಹತ್ತಿರ ಬಂದಳು. ನಮಸ್ಕಾರ ಮಾಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಪ್ಪ, ಆ ಪ್ರಶ್ನೆ ಫೌಲ್."

"ಹೌದು."

"ಬೇಕಂತಲೇ ಕೇಳಿದ್ದಾ ನೀವು?"

"ಬೇಕಂತಲೇ."

"ನಾನು ಗುರು ಮಾಮ ಅಂತ ಹೇಳಿಬಿಟ್ಟಿದ್ರೆ?"

"ಸುಟ್ಟು ಬೂದಿಯಾಗ್ತಿದ್ದೆ."

"ಅಮ್ಮ ಹೇಳಿದ್ದು ಸುಳ್ಳಲ್ಲ ಹಾಗಾದ್ರೆ," ಎಂದಳು. ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಸೆರಗಿನ ತುದಿಯಿಂದ ಅವನ ಹಣೆಯ ಬೆವರು ಒರೆಸಿ, "ಕಾಫಿ ಕುಡಿಯಿರಿ, ಗಂಟಲು ಒಡೆದಿದೆ ನಿಮ್ಮದು," ಎಂದು ಹೋಟೆಲಿನ ಹುಡುಗನನ್ನು ಕರೆದಳು.

ಸಂಜೆಯ ರೈಲಿಗೆ ಎರಡು ಆಟೋ ಮಾಡಿದರು. ಹಿಂದಿನದರಲ್ಲಿ ಕಮಲಾಕ್ಷಿ, ರಮಾಕಾಂತ, ಮದ್ದಳೆ. ಮುಂದಿನದರಲ್ಲಿ ಒಂದು ಬದಿಗೆ ದಿನಕರ, ಒಂದು ಬದಿಗೆ ಗುರುದತ್ತ, ನಡುವೆ ಶ್ರೀರಕ್ಷಾ. ಕಾಲುವೆಯ ದಂಡೆಯಲ್ಲಿ ಆಟೋ ಹೋಗುತ್ತಿದ್ದಾಗ ಅವಳು ಕೇಳಿದಳು.

"ಕೊನೆಗೆ ಹಂಗೇರಿಯವರು ಇನ್ನೊಂದು ಗೋಲು ಹೊಡೆದ್ರಲ್ಲ, ಆಫ್‌ಸೈಡ್ ಅಂತ ಬಾವುಟ ಎತ್ತಿದ್ದು. ಅದು ನಿಜವಾಗಿ ಆಫ್‌ಸೈಡಾ?"

"ಅದು ನೋಡು..." ಎಂದು ಗುರುದತ್ತ ಶುರುಮಾಡಿದ.

"ಮಾಮ, ನಿಮ್ಮದು ಕೇಳಿ ಆಗಿದೆ. ಅಪ್ಪಂದು ಕೇಳ್ತೇನೆ."

ದಿನಕರ ನೆಟ್ಟಗೆ ಕೂತ. ಒಂದು ವರ್ಷದಿಂದ ಹಸಿದವನಿಗೆ ಎಲೆ ಹಾಕಿದಂತಾಯಿತು. ಎಲ್ಲಿಂದ ಪಾಸು ಬಂತು, ಹಂಗೇರಿಯ ನಾಯಕ ಎಲ್ಲಿಂದ ಓಡಿದ, ಕೆಸರಿನಲ್ಲಿ ಚೆಂಡು ಹೇಗೆ ನಿಧಾನವಾಯಿತು, ಎಲ್ಲ ಹೇಳತೊಡಗಿದ. ಮಗಳು ಪೂರಾ ಅವನ ಕಡೆಗೇ ತಿರುಗಿ ಕೂತು ಕೇಳಿದಳು. ಹೇಳುತ್ತ ಹೇಳುತ್ತ ಅವಳ ತಲೆಯ ಮೇಲಿಂದ ಅವನಿಗೆ ಗುರುದತ್ತ ಕಂಡ. ಹೊರಗೆ ಕಾಲುವೆಯ ನೀರು ನೋಡುತ್ತ, ಯಾರೂ ಕೇಳದಿದ್ದರೂ ಒಂದು ನಗುವನ್ನು ಮುಖದ ಮೇಲೆ ಹಿಡಿದು ಕೂತಿದ್ದ. ಆ ನಗುವನ್ನು ಹಿಡಿದಿಡಲು ಎಷ್ಟು ಕಷ್ಟವಾಗುತ್ತದೆ ಎಂದು ದಿನಕರನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವನು ಮಾತು ನಿಲ್ಲಿಸಿದ. ನಿಲ್ಲಿಸುವುದು ಸುಲಭವಾಗಿರಲಿಲ್ಲ, ಬಾಯಿಗೆ ಬಂದ ತುತ್ತನ್ನು ತೆಗೆದಿಟ್ಟ ಹಾಗಿತ್ತು.

"ಗುರುದತ್ತಾ, ಲೈನ್ಸ್‌ಮನ್ ಎಲ್ಲಿ ನಿಂತಿದ್ದ ಅಂತ ನೀನು ಹೇಳು ಮಾರಾಯ. ಡಿಫೆನ್ಸ್ ಆಡಿದವನು ನೀನು. ನಾನು ಕುರ್ಚಿ ಮೇಲೆ ಕೂತು ಆಡಿದವನು."

ಗುರುದತ್ತ ತಿರುಗಿದ. ಆಮೇಲೆ ಆಟೋದ ಸರಳು ಬಿಟ್ಟು ಎರಡೂ ಕೈ ಮುಂದೆ ತಂದು, "ಇಲ್ಲಿ ನೋಡು ರಕ್ಷಾ, ಇದು ಗೋಲ್ ಗೆರೆ ಅಂತಿಟ್ಟುಕೋ. ಜರ್ಮನಿಯ ಕೊನೆಯ ಡಿಫೆಂಡರ್ ಇಲ್ಲಿದ್ದಾನೆ. ಪಾಸು ಹೊರಡುವ ಹೊತ್ತಿಗೆ..." ಎಂದ.

ಶ್ರೀರಕ್ಷಾ ಆ ಕಡೆಗೆ ತಿರುಗಿದಳು. ದಿನಕರ ಕೈಕಟ್ಟಿ ಕೇಳಿದ. ಒಂದು ಮಾತು ಕೇಳಿದ, ಎರಡು ಮಾತು ಕೇಳಿದ.

"ತಪ್ಪು!" ಎಂದ, ಗುರುದತ್ತ ಮೂರನೆಯದನ್ನು ಮುಗಿಸುವ ಮೊದಲೇ. "ಡಿಫೆಂಡರ್ ಅಲ್ಲಿ ಇರಲೇ ಇಲ್ಲ."